ಅವ್ವ ಎಂಬ ವಿಂಡೋ

ಮಗ ರೇವಣಸಿದ್ದನಿಗೆ ಐರೋಲಿಯಲ್ಲಿ ಕೆಲಸ ಸಿಕ್ಕಿದ್ದನ್ನು ಮಾನಮ್ಮ ಡೊಂಬಿವಲಿಯ ಚಾಳಿಗೆಲ್ಲ ಡಂಗುರ ಸಾರಿದ್ದಳು. "ನಮ್ಮ ಫ್ಯಾಕ್ಟರಿ ನನ್ನ ಮಗನ ಕಣ್ಣಾಗ ಐತಿ. ಏನರ ಹೆಚ್ಚುಕಮ್ಮಿ ಆದ್ರ ಮೊದಲ ನಂಗ ಫೋನ್ ಮಾಡ್ತಾನ!" ಅವನು ನಾಚಿಕೊಂಡು ಒಳಗೆ ಹೋಗುತ್ತಿದ್ದ.

ಅದು ಸುಳ್ಳೇನಲ್ಲ. ವಿಜಯಪುರದಿಂದ ಬಂದ ಅವಳು ಕೆಮಿಕಲ್ ಡ್ರಮ್ಮು ತುಂಬಿ ತುಂಬಿ ಅವನನ್ನು ಓದಿಸಿದ್ದಳು. ಈಗ ಅವನ ಕೆಲಸ, ದೂರದ ಕಾರ್ಖಾನೆಗಳ ಟ್ಯಾಂಕು ಎಷ್ಟು ಕಾದಿದೆ ಎಂದು ಕಂಪ್ಯೂಟರಿನಲ್ಲಿ ಕಾಯುವುದು. ಒಂದೇ ಕಪ್ಪು ಪರದೆ, ಅದರೊಳಗೆ ಟಿಮಕ್ಸ್ ಎಂಬ ಪ್ರೋಗ್ರಾಮಿನಲ್ಲಿ ಕಾರ್ಖಾನೆಗೊಂದು ವಿಂಡೋ. ಒಮ್ಮೆಗೆ ಕಾಣುವುದು ಒಂದೇ. ಮಿಕ್ಕವುಗಳ ಹೆಸರಷ್ಟೇ ಕೆಳಗಿನ ಪಟ್ಟಿಯಲ್ಲಿ. ಎಲ್ಲಕ್ಕೂ ಕಾರ್ಖಾನೆಯ ಹೆಸರಿಟ್ಟವನು ತಾಯಿ ದುಡಿಯುವ ಕಾರ್ಖಾನೆಯದಕ್ಕೆ ಮಾತ್ರ 'ಅವ್ವ' ಎಂದಿಟ್ಟಿದ್ದ. ಪ್ರತಿ ಹೊಸ ವಿಂಡೋಗೂ ಒಂದು ಸಾಲು ಬರೆಯಬೇಕಿತ್ತು: ಅಂಕಿ ಬರುವುದು ನಿಂತರೆ ಹೆಸರಿನ ಪಕ್ಕ ಗುರುತು ಹಾಕು ಎಂದು. ಹಳೆಯದಕ್ಕೆ ಬರೆದದ್ದು ಹೊಸದಕ್ಕೆ ತಾನಾಗಿ ಬರುವುದಿಲ್ಲ.

ಒಂದು ಬೆಳಿಗ್ಗೆ 'ಅವ್ವ' ಕೈಕೊಟ್ಟಿತು. ಅದನ್ನು ಮುಚ್ಚಿ ಹೊಸದು ತೆರೆದ. ಹೆಸರಿಡುವುದನ್ನು ಮರೆಯಲಿಲ್ಲ. ಅಂಕಿಗಳು ಬರತೊಡಗಿದವು. ಅಷ್ಟರಲ್ಲಿ ಪಕ್ಕದ ಮೇಜಿನ ನಿಶಾ, "ಅರೇ, ಚಾಯ್ ಥಂಡಾ ಹೋ ರಹಾ ಹೈ" ಎಂದಳು. ಚಹಾ ಕುಡಿಯಲು ಎದ್ದು ಹೋದ. ಆ ಸಾಲು ಬರೆಯುವುದು ಉಳಿದೇಹೋಯಿತು.

ಮಧ್ಯಾಹ್ನ ಕಾರ್ಖಾನೆಯಲ್ಲಿ ಶಾಖ ಅಳೆಯುವ ಪೆಟ್ಟಿಗೆಯ ತಂತಿ ಸುಟ್ಟು ಅಂಕಿ ಬರುವುದು ನಿಂತಿತು. ಟ್ಯಾಂಕು ಕುದಿಯತೊಡಗಿದ್ದು ಆಮೇಲೆ. ಪಟ್ಟಿಯಲ್ಲಿ 'ಅವ್ವ' ಯಾವ ಗುರುತೂ ಇಲ್ಲದೆ ತಣ್ಣಗಿತ್ತು. ಒಮ್ಮೆ ತೆರೆದೂ ನೋಡಿದ. ಅರವತ್ತೆಂಟು ಡಿಗ್ರಿ. ಸದ್ಯ, ಎಲ್ಲ ಸರಿಯಿದೆ ಅಂದುಕೊಂಡ. ಪಾಪಿ, ಅಂಕಿ ನೋಡಿದ. ಅದು ಯಾವಾಗ ಬಂದದ್ದು ಎಂದು ನೋಡಲಿಲ್ಲ.

ಅತ್ತ ಶೆಡ್ಡಿನಲ್ಲಿ ಘಾಟು ಹಬ್ಬಿದಾಗ ಜೊತೆಗೆ ದುಡಿಯುವ ಬಾಲಮ್ಮ ಹೊರಗೋಡಲು ಎದ್ದಿದ್ದಳಂತೆ. ಮಾನಮ್ಮನೇ ಅವಳ ಸೆರಗು ಹಿಡಿದು ಕೂರಿಸಿದಳಂತೆ. "ಎಲ್ಲಿಗೋಡ್ತಿ? ಹಂಗೇನರ ಇದ್ರ ನನ್ನ ಮಗ ಫೋನ್ ಮಾಡ್ತಿದ್ದಿಲ್ಲೇನು?" ಇದನ್ನು ಅವಳು ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಖವಾಡ ಸರಿಸಿ ಮಗನಿಗೇ ಹೇಳಿದಳು. ಬಾಲಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು.

ತಂತಿ ಸುಟ್ಟದ್ದೇ ಕಾರಣ ಎಂದು ವಿಚಾರಣೆ ಮುಗಿಯಿತು. ರೇವಣಸಿದ್ದನನ್ನು ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಈಗಲೂ ಅದೇ ಕೆಲಸ. ಹೊಸ ವಿಂಡೋ ತೆರೆದರೆ ಮೊದಲು ಆ ಸಾಲು ಬರೆಯುತ್ತಾನೆ, ಹೆಸರು ಆಮೇಲೆ.

ಮಾನಮ್ಮನ ಎದೆ ಈಗ ಉಸಿರಿಗೊಮ್ಮೆ ಸೀಟಿ ಹೊಡೆಯುತ್ತದೆ. ಚಾಳಿನ ನಲ್ಲಿಯ ಹತ್ತಿರ ನೀರಿಗೆ ನಿಂತಾಗ ಮಗನ ಮಾತೆತ್ತುವುದಿಲ್ಲ. ಒಂದು ಭಾನುವಾರ ಬಾಲಮ್ಮನ ಮಗಳು ನಾಗವೇಣಿ ಮನೆಗೆ ಬಂದಳು. ಕೂತವಳೇ ಕೇಳಿದಳು: "ಕಾಕೂ, ಖರೇ ಹೇಳು. ಅವತ್ತ ರೇವಣ್ಣ ನೋಡ್ಲಿಲ್ಲೇನು?"

ರೇವಣಸಿದ್ದ ಬಾಯಿ ತೆರೆದ. ಮಾನಮ್ಮ ಅವನನ್ನು ಮಾತಾಡಲು ಬಿಡಲಿಲ್ಲ.

"ಅವತ್ತ ಅವಂಗ ರಜಾ ಇತ್ತವಾ," ಎಂದಳು. "ಇಲ್ಲೇ ಮನ್ಯಾಗ ಮಲಗಿದ್ದ. ಹೌದಲ್ಲೋ?"

"ಹೌದು," ಎಂದ ರೇವಣಸಿದ್ದ.

ಅವತ್ತು ಬೆಳಿಗ್ಗೆ ಅವನ ಡಬ್ಬಿಗೆ ರೊಟ್ಟಿ ಕಟ್ಟಿ, ಸ್ಟೇಷನ್ನಿನ ದಾರಿಯವರೆಗೂ ಬಂದು ಕಳಿಸಿದವಳು ಅವಳೇ.