ರಸಬಾಳೆ ಹೊತ್ತು ಕಾಡಿಗೆ

ನಾನು ಬಿ.ಎ. ಪಾಸು ಮಾಡುವುದು ಆಗದ ಹೋಗದ ಮಾತು ಎಂದವನು ನನ್ನ ಸೋದರಮಾವ. “ಬಿದಿರು ಕಡಿಯೋನ ಮಗ ಬಿದಿರೇ ಕಡೀಬೇಕು ಕಣಕ್ಕ, ಸುಮ್ನೆ ಆಸೆ ಇಟ್ಕೋಬ್ಯಾಡ,” ಎಂದು ಅವ್ವನಿಗೆ ಹೇಳಿದ್ದ. ಎರಡು ಸಲ ಫೇಲಾದೆ. ಮೂರನೆಯ ಸಲ ಪಾಸು ಮಾಡಿದೆ.

ಅಪ್ಪ ಆಗ ಅಂತರಸಂತೆಯಾಚೆ ಕಾಡಿನಲ್ಲಿ, ಬಿದಿರು ಕಡಿಯುವ ಕೂಪಿನಲ್ಲಿದ್ದ. ಪದವಿ ಪತ್ರ ಮೊದಲು ಅವನ ಕೈಗೇ ಕೊಡಬೇಕೆಂದು ನನಗೆ ಹಟ. ಕಾಡು ನೋಡಬೇಕು, ಕಪಿಲೆ ನೋಡಬೇಕು ಎಂದು ಮೈಸೂರಿನ ಗೆಳೆಯನೂ ಹೊರಟ. ಸಂಜೆಯ ಬಸ್ಸಿಗೆ ವಾಪಸ್ಸು. ಪತ್ರವಿದ್ದ ತಗಡಿನ ಕೊಳವೆಯನ್ನು ಅವನೇ ತನ್ನ ಚೀಲಕ್ಕೆ ಹಾಕಿಕೊಂಡ.

ಹೊಳೆ ದಂಡೆಯ ದಾರಿ ನಿಜಕ್ಕೂ ಚೆನ್ನಾಗಿತ್ತು. ಅವನು ನಿಂತು ನಿಂತು ನೋಡುತ್ತಿದ್ದ. ಬಿದಿರ ಮೆಳೆಗಳ ನಡುವೆ ಹೊಕ್ಕ ಮೇಲೆ ನನ್ನ ಮೂಗಿಗೆ ಘಮ ಬಡಿಯಿತು.

“ಚೀಲದಲ್ಲಿ ಏನೋ ಅದು?”

“ರಸಬಾಳೆ ಕಣೋ. ನಿಮ್ಮಪ್ಪನ್ನ ಬರಿಗೈಲಿ ನೋಡೋಕಾಗುತ್ತಾ?”

ದೊಡ್ಡವರನ್ನು ಕಾಣಲು ಹಣ್ಣು ಒಯ್ಯುವುದು ಅವರ ಮನೆಯ ರೀತಿ. ಮಾಗಿದ ಹಣ್ಣು ಹಿಡಿದು ಕಾಡು ಹೊಗಬಾರದು ಎನ್ನುವುದು ನಮ್ಮ ಕಡೆಯ ರೀತಿ. 

“ಬಿಸಾಕ್ಲಾ, ದೊಡ್ಡೋನು ಬತ್ತಾನೆ,” ಎಂದೆ. ಕಾಡಿನೊಳಗೆ ನಾವು ಆನೆಯ ಹೆಸರೆತ್ತುವುದಿಲ್ಲ.

“ಯಾರು, ನಿಮ್ಮ ಸಾಹುಕಾರನಾ?” ಎಂದು ನಕ್ಕ.

ಮೆಳೆಯೊಳಗೆ ಬಿದಿರು ಲಟಲಟನೆ ಮುರಿಯಿತು. ಅವನು ಚೀಲ ಅಲ್ಲೇ ಹಾಕಿ ಓಡಿದ, ನಾನೂ ಓಡಿದೆ. ಬಂಡೆಯ ಹಿಂದೆ ಬಿದ್ದುಕೊಂಡು ತಿರುಗಿ ನೋಡಿದರೆ, ಒಂಟಿ ಸಲಗ. ಚೀಲ ಹರಿದು ಹಣ್ಣು ತಿನ್ನುತ್ತಿತ್ತು. ಕೊಳವೆ ಅದರ ಕಾಲ ಬುಡದಲ್ಲೇ ಇತ್ತು. ಅದು ಕಾಲೆತ್ತಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ತಡೆಯಲಾರದೆ ಎದ್ದೆ. ಗೆಳೆಯ ನನ್ನ ಪಂಚೆ ಹಿಡಿದು ಎಳೆದ.

“ಹೋದ್ರೆ ನೀನೂ ಹೋಗ್ತೀಯ ಕಣೋ. ಕೂತ್ಕೊ.”

ಕೂತೆ. ಅವನು ಪಂಚೆ ಮಾತ್ರ ಬಿಡಲಿಲ್ಲ.

ಆನೆ ಹೊಳೆಗಿಳಿದು ಬಹಳ ಹೊತ್ತಾದ ಮೇಲೆ ಹೊರಬಂದೆವು. ಕೊಳವೆಯ ಒಂದು ತುದಿ ಚಪ್ಪಟೆಯಾಗಿತ್ತು. ಕಲ್ಲಿನಿಂದ ಕುಟ್ಟಿ ಬಾಯಿ ಬಿಡಿಸಿದೆ. ಪತ್ರ ಸುಕ್ಕಾಗಿತ್ತು, ಹರಿದಿರಲಿಲ್ಲ. ಕೂಪು ಮುಟ್ಟುವವರೆಗೂ ಎಲೆ ಅಲುಗಿದರೂ ನಿಂತುಬಿಡುತ್ತಿದ್ದೆವು.

ಅಪ್ಪ ಮಚ್ಚು ಕೆಳಗಿಟ್ಟು ನಡೆದದ್ದನ್ನೆಲ್ಲ ಕೇಳಿದ. ಪತ್ರ ಕೊಟ್ಟೆ. ಎರಡೂ ಕೈ ಚಾಚಿ ತೆಗೆದುಕೊಂಡ.

“ಮೊದ್ಲು ಕೂತ್ಕೊಳ್ಲಾ,” ಎಂದ. “ಬಿ.ಎ. ಮಾಡ್ದೋನು ಇಂಗೆ ಗಡಗಡ ನಡುಗ್ತಾ ನಿಂತ್ರೆ ಕೂಪಿನೋರು ನಗ್ತಾರೆ.”