ಕಾಕಾ ಬರೆಯಬಾರದಿದ್ದ ನೀರಿನ ಟ್ಯಾಂಕು

ಹೋದ ತಿಂಗಳು, ಗುಜರಾತಿನ ಬೋಡಕ್‌ದೇವ್‌ನ ನಮ್ಮ ಆಫೀಸಿಗೆ ಸಹೋದ್ಯೋಗಿಯೊಬ್ಬಳು ಮಗಳನ್ನು ಕರೆತಂದಿದ್ದಳು. ಶಾಲೆಗೆ ರಜೆ. ಮಗು ನನ್ನ ಮೇಜಿನ ಮೂಲೆಯಲ್ಲಿ ಕೂತು ಪೆನ್ಸಿಲ್ ಹೆರೆಯತೊಡಗಿತು. ಆ ಸಿಪ್ಪೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರಿನ ಕಂಪ್ಯೂಟರ್ ಮಸುಕಾಗಿ, ಕಾಕಾ ಬಂದು ಕೂತಂತಾಯಿತು... ಅಂಗಿಯ ಜೇಬಿನಲ್ಲಿ ಮೂರು ಪೆನ್ಸಿಲ್, ಮೂಗಿನ ತುದಿಗೆ ಜಾರಿದ ಕನ್ನಡಕ. ಮಗು ನನ್ನನ್ನು ಏನೋ ಕೇಳಿತು. ನಾನು ಏನು ಹೇಳಿದೆನೋ ನೆನಪಿಲ್ಲ.

ಕಾಕಾ ನನಗೆ ನೆಂಟರೇನಲ್ಲ. ಬಹಳ ವರ್ಷಗಳ ಹಿಂದೆ ನಮ್ಮ ಈ ಸೋಲಾರ್ ಕಂಪನಿ ಸಣ್ಣದಾಗಿ ಇದೇ ಊರಿನ ನವರಂಗಪುರದಲ್ಲಿದ್ದಾಗ ನಾನು ಅಲ್ಲಿ ಕರಾರುಪತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಮಂಡ್ಯದಲ್ಲಿ ಕಾನೂನು ಓದಿ, ಎಲ್ಲ ಗೊತ್ತು ಅನ್ನುವ ಗತ್ತಿನಲ್ಲಿ ಬಂದಿದ್ದವಳು. ಕಾಕಾ ಗದಗಿನ ಕಡೆಯವರು. ಸೇನೆಯ ಕಟ್ಟಡ ವಿಭಾಗದಲ್ಲಿ ನಕ್ಷೆ ಬರೆಯಲು ಚಿಕ್ಕ ವಯಸ್ಸಿಗೇ ಗುಜರಾತಿಗೆ ಬಂದು, ನಿವೃತ್ತರಾಗಿ, ವಡೋದರಾದಲ್ಲಿ ನೆಲೆಸಿದ್ದರು. ಚಿಕ್ಕಪ್ಪನಿಗೆ ಗದಗಿನಲ್ಲೂ ಕಾಕಾ, ಗುಜರಾತಿನಲ್ಲೂ ಕಾಕಾ. ಹಾಗಾಗಿ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವರು ಕಾಕಾ ಆಗಿಬಿಟ್ಟಿದ್ದರು.

ಒಂದು ಸೇನಾ ನೆಲೆಯೊಳಗಿನ ಬರಡು ಜಾಗದಲ್ಲಿ ಸೋಲಾರ್ ಫಲಕಗಳನ್ನು ಹಾಕಿ, ಅಲ್ಲಿಗೇ ವಿದ್ಯುತ್ ಮಾರುವ ಕೆಲಸ ನಮ್ಮ ಕಂಪನಿಗೆ ಸಿಕ್ಕಿತ್ತು. ಕೇಳಲು ಚೆಂದ. ಕಾಗದಕ್ಕೆ ಇಳಿಸುವಾಗ ತಲೆ ಚಿಟ್ಟು ಹಿಡಿಯಿತು. ನೆಲ ಸೇನೆಯದು. ನಮಗಿದ್ದದ್ದು ಅಲ್ಲಿ ಫಲಕ ಇಡುವ ಅನುಮತಿ ಮಾತ್ರ, ಅದನ್ನೂ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದಿತ್ತು. ಸಾಲ ಕೊಡುವ ಬ್ಯಾಂಕಿನವರು, ನೀವು ಕಂತು ಕಟ್ಟದಿದ್ದರೆ ನಾವು ಏನನ್ನು ಜಪ್ತಿ ಮಾಡಬೇಕು ಎಂದು ಕೇಳಿದರು. ಬಂದೂಕು ಹಿಡಿದವರ ಗೇಟು ದಾಟಿ ಫಲಕ ಬಿಚ್ಚಿಕೊಂಡು ಹೋಗಲು ಯಾವ ಬ್ಯಾಂಕಿಗೆ ಧೈರ್ಯ ಬಂದೀತು? ಕೊನೆಗೆ ನಮ್ಮ ಮಾಲೀಕರು ಸೂರತ್‌ನ ಪಾಂಡೇಸರಾದಲ್ಲಿದ್ದ ತಮ್ಮ ತಂದೆಯ ಕಾಲದ, ಬಟ್ಟೆಗೆ ಬಣ್ಣ ಹಾಕುವ ಮಿಲ್ಲನ್ನೇ ಅಡವಿಟ್ಟರು.

ಅಷ್ಟಕ್ಕೂ ಮುಗಿಯಲಿಲ್ಲ. ಕೆಲಸ ಎಷ್ಟು ಸಾಗಿದೆ ಎಂದು ಫೋಟೋ ಕಳಿಸಿದರೆ ಮಾತ್ರ ಬ್ಯಾಂಕು ಮುಂದಿನ ಕಂತು ಬಿಡುತ್ತಿತ್ತು. ನೆಲೆಯೊಳಗೆ ಕ್ಯಾಮೆರಾ ಇರಲಿ, ಮೊಬೈಲೂ ಇಲ್ಲ. ಎರಡು ಕಡೆಯವರೂ ಹಟ ಬಿಡದೆ ತಿಂಗಳುಗಟ್ಟಲೆ ಪತ್ರ ಬರೆದಾಡಿ, ಕೊನೆಗೆ ಒಂದು ವಿಚಿತ್ರ ದಾರಿ ಹುಡುಕಿದರು. ನಮ್ಮ ಕಡೆಯ ಒಬ್ಬರು ವಾರಕ್ಕೊಮ್ಮೆ ಒಳಗೆ ಹೋಗಿ ಫಲಕಗಳ ಸಾಲುಗಳನ್ನು ಕೈಯಲ್ಲೇ ಬರೆಯುವುದು. ಗೇಟಿನ ಕಚೇರಿ ಅದನ್ನು ನೋಡಿ ಮೊಹರು ಒತ್ತುವುದು. ಆ ಚಿತ್ರವನ್ನೇ ಬ್ಯಾಂಕು ಫೋಟೋ ಎಂದುಕೊಳ್ಳುವುದು! ಕಾಕಾ ಬಂದದ್ದು ಹಾಗೆ.

ಪ್ರತಿ ಗುರುವಾರ ಅವರು ವಡೋದರಾದಿಂದ ಬೆಳಗಿನ ರೈಲಿಗೆ ಬರುತ್ತಿದ್ದರು. ನಾನು ಕಾಗದಪತ್ರ ಹಿಡಿದು ಜೊತೆಗೆ ಹೋಗುತ್ತಿದ್ದೆ. ಆ ನೆಲೆಯಲ್ಲೇ ಅವರ ನೌಕರಿ ಕಳೆದಿತ್ತು; ಅಲ್ಲಿನ ಎಷ್ಟೋ ಕಟ್ಟಡಗಳು ಮೊದಲು ಅವರ ಹಲಗೆಯ ಮೇಲೆ ಎದ್ದವು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಹೋಗಬೇಕು ಅನ್ನಿಸುತ್ತಿದ್ದ ಜಾಗ ಅದೊಂದೇ ಎಂದು ಅವರೊಡನೆ ರೈಲಿನಲ್ಲಿ ಬರುತ್ತಿದ್ದ ಗೆಳೆಯರೊಬ್ಬರು ನನಗೆ ಹೇಳಿದ್ದರು. ಗೇಟಿನಲ್ಲಿ ಹಳೆಯ ಹವಾಲ್ದಾರರು ರಾಮ್ ರಾಮ್ ಎಂದರೆ ಕಾಕಾನ ನಡಿಗೆಯೇ ಬದಲಾಗುತ್ತಿತ್ತು.

"ಒಳಗ ಬಂದ್ನೆಂದ್ರ ನನಗ ಮೂವತ್ತು ವರ್ಷ ಕಮ್ಮಿ ಆಗ್ತೈತಿ ನೋಡ ತಂಗಿ" ಎಂದಿದ್ದರು ಒಮ್ಮೆ.

ಆ ಮಧ್ಯಾಹ್ನಗಳು ಈಗ ನಿಜವಾಗಿ ನಡೆದವೋ ಇಲ್ಲವೋ ಅನ್ನಿಸುತ್ತದೆ... ಬಿಸಿಲಿಗೆ ಗಾಳಿಯೇ ನಡುಗುತ್ತಿತ್ತು. ಸಾಲು ಸಾಲು ಫಲಕಗಳು ದೂರದಿಂದ ಕೆರೆಯ ಹಾಗೆ ಕಾಣುತ್ತಿದ್ದವು. ನವಿಲುಗಳು ಹಾರಿ ಬಂದು ಅವುಗಳ ಮೇಲೆ ಇಳಿದು, ಗಾಜಿನಲ್ಲಿ ತಮ್ಮನ್ನೇ ಕಂಡು ಕೊಕ್ಕಿನಿಂದ ಕುಟುಕುತ್ತಿದ್ದವು. ಕಾಕಾ ಮಡಚುವ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಹಲಗೆಯಿಟ್ಟು ಬರೆಯುತ್ತಿದ್ದರು. ಮೊದಲ ಚಿತ್ರದಲ್ಲಿ ಅವರು ನವಿಲನ್ನೂ ಬರೆದಿದ್ದರು. ಇದು ಯಾವ ಉಪಕರಣ, ಖರೀದಿ ರಸೀದಿ ಎಲ್ಲಿ ಎಂದು ಬ್ಯಾಂಕಿನಿಂದ ಪತ್ರ ಬಂತು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಕೊನೆಯ ಕಂತಿನ ಸಮಯದಲ್ಲಿ ಬ್ಯಾಂಕು ಹೊಸ ತಕರಾರು ತೆಗೆಯಿತು. ಚಿತ್ರದಲ್ಲಿರುವುದು ಅದೇ ಜಾಗ ಎಂದು ನಂಬುವುದು ಹೇಗೆ? ಪಕ್ಕದಲ್ಲಿ ಶಾಶ್ವತವಾದ ಒಂದು ಗುರುತು ಕಾಣಿಸಬೇಕು. ಹಣ ತಡವಾದರೆ ವಿದ್ಯುತ್ ಪೂರೈಕೆಯ ಗಡುವು ತಪ್ಪುತ್ತಿತ್ತು, ಗಡುವು ತಪ್ಪಿದರೆ ಕರಾರು ಬೀಳುತ್ತಿತ್ತು, ಮಿಲ್ಲೂ ಹೋಗುತ್ತಿತ್ತು. ಮಾಲೀಕರು ಊಟ ಬಿಟ್ಟಿದ್ದರು. ಆ ಗುರುವಾರ ನಾನು ಕಾಕಾನಿಗೆ, ಹಿಂದೆ ಕಾಣುವ ನೀರಿನ ಟ್ಯಾಂಕನ್ನು ಒಂದಿಷ್ಟು ಬರೆದುಬಿಡಿ ಎಂದೆ.

ಅವರು ಪೆನ್ಸಿಲ್ ಕೆಳಗಿಟ್ಟರು. "ಅದು ನಮ್ದಲ್ಲ ತಂಗಿ. ನಾವು ನಮ್ಮ ತಗಡಷ್ಟ ಬರೀಬೇಕು."

ಅವರು ಹೇಳಿದ್ದು ಸರಿ. ನಮ್ಮ ಫಲಕಗಳ ಹೊರತು ನೆಲೆಯ ಬೇರಾವ ಕಟ್ಟಡವನ್ನೂ ಚಿತ್ರಿಸಬಾರದು ಎಂಬ ಷರತ್ತು ಅನುಮತಿಪತ್ರದಲ್ಲೇ ಇತ್ತು. ಅದನ್ನು ಸಾಲು ಬಿಡದೆ ಓದಿ, ಮಾಲೀಕರಿಂದ ಸಹಿ ಹಾಕಿಸಿದವಳು ನಾನೇ. ಆದರೂ ಒತ್ತಾಯ ಮಾಡಿದೆ. ನೀರಿನ ಟ್ಯಾಂಕಲ್ಲವೇ, ರೈಲಿನಿಂದಲೂ ಕಾಣುತ್ತದೆ, ಯಾರು ಏನನ್ನುತ್ತಾರೆ ಎಂದೆ. ಅವರು ಪೆನ್ಸಿಲ್ ಮತ್ತೆ ಎತ್ತಿಕೊಂಡು ಬರೆದರು. ಬರೆಯಲು ತೊಡಗಿದ ಮೇಲೆ ಅರ್ಧಂಬರ್ಧ ಬರೆಯುವುದು ಆ ಕೈಗೆ ಗೊತ್ತಿರಲಿಲ್ಲ. ಏಣಿ, ಕೊಳವೆ, ಪಕ್ಕದ ಕಾವಲು ಗೋಪುರ, ಎಲ್ಲ ಅಳತೆ ಸಮೇತ ಬಂದವು. ನಾನು ಸರಿಯಾಗಿ ನೋಡದೆ ಫೈಲಿಗೆ ಸೇರಿಸಿದೆ.

ಗೇಟಿನ ಕಚೇರಿಯಲ್ಲಿ ಮೊಹರು ಬೀಳಲಿಲ್ಲ. ನಮ್ಮಿಬ್ಬರನ್ನೂ ಒಂದು ಬೆಂಚಿನ ಮೇಲೆ ಕೂರಿಸಿ, ಇದನ್ನು ಬರೆಯಲು ಹೇಳಿದವರು ಯಾರು ಎಂದು ಅಧಿಕಾರಿ ಕಾಕಾನನ್ನು ಕೇಳಿದರು. ಯಾರೂ ಇಲ್ಲ ಎಂದರು ಕಾಕಾ. ಹಳೇ ಚಾಳಿ, ಈ ಟ್ಯಾಂಕಿನ ನಕ್ಷೆ ಬರೆದವನೂ ನಾನೇ, ಕೈ ತಾನೇ ಹೋಯಿತು ಎಂದು ಹಿಂದಿಯಲ್ಲಿ ಹೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಕಂಪನಿಯವಳೇ ಹೇಳಿದ್ದು ಎಂದಾದರೆ ಅನುಮತಿಯೇ ರದ್ದಾಗುತ್ತದೆ, ಮುದುಕರ ತಪ್ಪು ಎಂದಾದರೆ ಗೇಟಿನೊಳಗೆ ಬಿಡುವ ಒಂದು ಪಾಸ್ ಮಾತ್ರ ಹೋಗುತ್ತದೆ ಎಂದು ನನ್ನೊಳಗಿನ ವಕೀಲೆ ಲೆಕ್ಕ ಹಾಕಿದಳು. ಇಷ್ಟು ವರ್ಷ ನನಗೆ ನಾನೇ ಹೀಗೆ ಹೇಳಿಕೊಂಡು ಬಂದಿದ್ದೇನೆ. ನಿಜ ಹೇಳಬೇಕೆಂದರೆ, ನನಗೆ ಹೆದರಿಕೆಯಾಗಿತ್ತು. ಅವರ ಪಾಸನ್ನು ಕತ್ತರಿಯಿಂದ ಎರಡು ತುಂಡು ಮಾಡುವಾಗಲೂ ನಾನು ಬಾಯಿ ಬಿಡಲಿಲ್ಲ.

ಕಂಪನಿಗೆ ನೆಲೆಯಿಂದ ಒಂದು ಎಚ್ಚರಿಕೆಯ ಪತ್ರ ಬಂತು. ಆಮೇಲೆ ನೆಲೆಯ ಎಂಜಿನಿಯರರೇ ಕೆಲಸ ಮುಗಿದಿದೆ ಎಂದು ಬರೆದುಕೊಟ್ಟರು, ಬ್ಯಾಂಕು ಒಪ್ಪಿತು, ಹಣ ಬಂತು. ಆಫೀಸಿನಲ್ಲಿ ಪೇಡಾ ಹಂಚಿದರು. ಕಾಕಾನನ್ನು ಯಾರೂ ಕರೆಯಲಿಲ್ಲ.

ಎರಡು ತಿಂಗಳ ನಂತರ ವಡೋದರಾದ ಅವರ ಮನೆಗೆ ಹೋದೆ. ಚಹಾ ಮಾಡಿ ಕೊಟ್ಟರು. ನೆಲೆಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದು ಶುರು ಮಾಡಿದೆ. ಅವರು ತಡೆದರು.

"ಆ ಮಾತ ಬಿಡವಾ. ನೀ ಇನ್ನಾ ಭಾಳ ದಿನಾ ಆ ಗೇಟ್ ದಾಟಬೇಕು. ನಾ ಒಳಗ ಹೋಗಿ ಏನ್ ಮಾಡೋದೈತಿ?"

ಅಧಿಕಾರಿಯೆದುರು ಹೇಳಿದಂತೆ ನನ್ನೆದುರು ಸುಳ್ಳು ಹೇಳಲು ಅವರಿಗೆ ಆಗಲಿಲ್ಲ. ಮಾತು ಮುಗಿಯುವ ಮೊದಲೇ ಕಿಟಕಿಯ ಕಡೆ ತಿರುಗಿದರು. ನನಗೆ ಅಷ್ಟೇ ಸಾಕಾಗಿತ್ತು, ಪೀಡೆ ಕಳೆಯಿತು ಎಂಬಂತೆ ರೈಲು ಹತ್ತಿದೆ. ಆ ನಿರಾಳವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆ ವರ್ಷವೇ ಅವರು ಹೋಗಿಬಿಟ್ಟರು. ವಿದ್ಯುತ್ ಪೂರೈಕೆ ಶುರುವಾದ ಮೇಲೆ ಬ್ಯಾಂಕು ಅಡವಿನಿಂದ ಬಿಟ್ಟುಕೊಟ್ಟ ಮಿಲ್ಲಿನ ಪತ್ರಗಳನ್ನು ಮಾಲೀಕರಿಗೆ ಒಪ್ಪಿಸಲು ನಾನು ಪಾಂಡೇಸರಾದಲ್ಲಿದ್ದಾಗ ಫೋನಿನಲ್ಲಿ ಸುದ್ದಿ ಬಂತು. ಸುತ್ತ ಯಂತ್ರಗಳ ಸದ್ದು... ಎರಡು ಸಲ ಕೇಳಿಸಿಕೊಳ್ಳಬೇಕಾಯಿತು.

ಆಫೀಸಿನಲ್ಲಿ ಮಗು ಪೆನ್ಸಿಲ್ ಹೆರೆದ ಆ ದಿನದ ಮರುವಾರವೇ ಅನುಮತಿ ನವೀಕರಣಕ್ಕೆಂದು ನೆಲೆಗೆ ಹೋಗಬೇಕಿತ್ತು. ಸಭೆ ಮುಗಿದ ಮೇಲೆ, ಆದದ್ದಾಗಲಿ ಎಂದು, ಈಗಿನ ಅಧಿಕಾರಿಗೆ ಎಲ್ಲವನ್ನೂ ಹೇಳಿದೆ. ಇನ್ನೂ ಚಿಕ್ಕ ವಯಸ್ಸಿನವರು. ಹಳೆಯ ಫೈಲು ತರಿಸಿ, ನಿಧಾನವಾಗಿ ಪುಟ ತಿರುವಿದರು. ಕಾಕಾನ ಹೆಸರಿನ ಮುಂದೆ, ಪ್ರವೇಶ ಶಾಶ್ವತವಾಗಿ ನಿಷೇಧಿಸಿದೆ ಎಂದಿತ್ತು. ನನ್ನ ಹೆಸರು ಬರೆದುಕೊಳ್ಳಿ, ಆ ಸಾಲನ್ನು ಹೊಡೆದುಹಾಕಿ ಎಂದು ಬೇಡಿಕೊಂಡೆ.

"ಮೇಡಂ, ಅದಕ್ಕೆ ಅವರೇ ಬಂದು ಅರ್ಜಿ ಕೊಡಬೇಕು" ಎಂದರು ಅವರು.

ಅವರಿಲ್ಲ ಎಂದೆ. ಅಧಿಕಾರಿ ನನ್ನ ಹೆಸರು ಬರೆದುಕೊಳ್ಳದೆಯೇ ಫೈಲಿನ ದಾರ ಕಟ್ಟಿದರು. ಹಾಗಾದರೆ ಅದು ಹಾಗೇ ಇರುತ್ತದೆ ಎಂದರು. ಹೇಳಬೇಕಾದ ಹೊತ್ತಿನಲ್ಲಿ ಅದೇ ಕಚೇರಿಯ ಬೆಂಚಿನ ಮೇಲೆ ನಾನು ಸುಮ್ಮನೆ ಕೂತಿದ್ದೆ. ಈಗ ಹೇಳಿದರೆ ಕೇಳಿಸಿಕೊಳ್ಳಬೇಕಾದವರು ಇಲ್ಲ. ಹೊರಗೆ ಬಂದು ಗೇಟಿನ ಪುಸ್ತಕದಲ್ಲಿ ಸಹಿ ಮಾಡಿದೆ. ಕಾವಲಿನವನು ನನ್ನ ಪಾಸ್ ನೋಡಿ, ಸೆಲ್ಯೂಟ್ ಹೊಡೆದು, ದಾರಿ ಬಿಟ್ಟ.