ಒಂದು ತೊಟ್ಟು ಎಣ್ಣೆ

ಹಿಂದೂಪುರದಲ್ಲಿ ಮನೆಮನೆಗೂ ಮೊಬೈಲು ಬರುತ್ತಿದ್ದ ವರ್ಷಗಳು. ನಾನೂ ನನ್ನ ಸೋದರಮಾವನೂ ಒಂದೇ ಮೋಟಾರು ವರ್ಕ್‌ಶಾಪಿನಲ್ಲಿದ್ದೆವು. ಸುಟ್ಟ ಮೋಟಾರಿಗೆ ತಂತಿ ಸುತ್ತುವುದನ್ನು ನನಗೆ ಕಲಿಸಿದವನು ಅವನೇ. ಅವನ ಕೈಯಿಂದ ಒಂದು ತೊಟ್ಟು ಹೊಲಿಗೆ ಮಿಷನ್ನಿನ ಎಣ್ಣೆ ಕುಡಿಯದೆ ಯಾವ ಮೋಟಾರೂ ಹೊಸಿಲು ದಾಟುತ್ತಿರಲಿಲ್ಲ. ಎಣ್ಣೆ ಬಿಟ್ಟು, ಬೆರಳನ್ನು ಕಣ್ಣಿಗೊತ್ತಿಕೊಂಡು, "ಹೋಗ್ಬಾರವ್ವ" ಅನ್ನುತ್ತಿದ್ದ.

ಆಗ ಬೆಂಗಳೂರಿನ ಪ್ರಯೋಗಾಲಯವೊಂದರಿಂದ ವಿಚಿತ್ರ ಕೆಲಸ ಬಂತು. ಗಾಳಿಯೇ ನೀರಾಗುವಷ್ಟು ಚಳಿಯಲ್ಲಿ, ದೊಡ್ಡ ಅಯಸ್ಕಾಂತದ ಪಕ್ಕದಲ್ಲೇ ತಿರುಗುವ ಪುಟ್ಟ ಮೋಟಾರು ಬೇಕಂತೆ. ಅದರೊಳಗೆ ಕಬ್ಬಿಣವಾಗಲಿ ಅಯಸ್ಕಾಂತವಾಗಲಿ ಇರಕೂಡದು. ಮಾವನಿಗೆ ಕಣ್ಣು ಮಂಜಾಗಿತ್ತು, ತಂತಿ ಸುತ್ತುವ ಕೆಲಸವೂ ಕಡಿಮೆಯಾಗಿತ್ತು. ಮಾದರಿ ಗೆದ್ದರೆ ಚೌಕಟ್ಟು ಕೂರಿಸುವ ಕೈಗೆಲಸಕ್ಕೆ ಅವನನ್ನು ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಮನೆಗೆ ಕಳಿಸುತ್ತೇನೆ ಎಂದು ಮಾಲೀಕರು ನೇರವಾಗಿ ಹೇಳಿಬಿಟ್ಟಿದ್ದರು.

ಕೆಟಲಾಗು ತಿರುವಿ ಮೋಟಾರು ಆರಿಸಿದವನು ನಾನು. ಹೆಬ್ಬೆರಳಷ್ಟಿತ್ತು, ತಂತಿಯ ಸುತ್ತೇ ಇಲ್ಲ. ಕರೆಂಟು ಕೊಟ್ಟರೆ ಒಂದು ಪಿಂಗಾಣಿ ತುಂಡು ನಡುಗಿ, ಪಕ್ಕದ ಬಳೆಯನ್ನು ಉಜ್ಜಿ ಉಜ್ಜಿ ತಿರುಗಿಸುತ್ತದೆ. ಎಣ್ಣೆ ಸೋಕಿದರೆ ಜಾರುತ್ತದೆ, ಚಳಿಯಲ್ಲಾದರೆ ಎಣ್ಣೆ ಹೆಪ್ಪುಗಟ್ಟಿ ಬಳೆ ಕಚ್ಚಿಕೊಳ್ಳುತ್ತದೆ. ಜೊತೆಗಿದ್ದ ಇಂಗ್ಲಿಷ್ ಕಾಗದದಲ್ಲಿ ಎಣ್ಣೆ ಬೇಡವೆಂದು ಬರೆದಿತ್ತು. ಓದಿದೆ, ಮಡಿಸಿ ಜೇಬಿಗಿಟ್ಟೆ. ಮಾವನಿಗೆ ಹೇಳಲಿಲ್ಲ. ಮೀಸೆ ಬಂದ ನನ್ನನ್ನೂ ಎಲ್ಲರೆದುರು "ಏ ಕೂಸೇ" ಅನ್ನುತ್ತಿದ್ದ ಅವನಿಗೆ ಗೊತ್ತಿಲ್ಲದ್ದು ಒಂದಾದರೂ ನನ್ನ ಹತ್ತಿರ ಇರಲಿ ಅನ್ನಿಸಿತ್ತು. ಥೂ, ಎಂಥ ಜಂಬ ನನ್ನದು!

ಮಾದರಿ ಪರೀಕ್ಷಿಸಲು ಅಂಥ ಚಳಿಗೆ ಎಲ್ಲಿ ಹೋಗುವುದು? ಕಲ್ಯಾಣದುರ್ಗದ ಕಡೆ ದನದ ಡಾಕ್ಟರೊಬ್ಬರು ಮಾವನಿಗೆ ಪರಿಚಯ. ಹೋರಿಯ ವೀರ್ಯ ಕೆಡದಂತೆ ಇಡಲು ಅವರ ಬಳಿ ದ್ರವ ನೈಟ್ರೋಜನ್ನಿನ ಕ್ಯಾನಿತ್ತು. ಮಾವ ಮೋಟಾರನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದ. ಮಾಲೀಕರೂ ಬಂದಿದ್ದರು.

ಡಾಕ್ಟರು ಥರ್ಮೋಕೋಲ್ ಡಬ್ಬಿಗೆ ನೈಟ್ರೋಜನ್ ಸುರಿದಾಗ ಬಿಳಿ ಹೊಗೆ ಮೇಜಿನಿಂದ ಇಳಿಯಿತು. ಮೋಟಾರು ಮುಳುಗಿಸಿ ಸ್ವಿಚ್ಚು ಒತ್ತಿದೆ. ಕುಂಯ್ ಅಂತು, ಅಲುಗಲಿಲ್ಲ.

"ಆಗಿಪೋಯಿಂದಾ?" ನಿಂತೇಹೋಯಿತೇ ಎಂದು ಮಾಲೀಕರು ತೆಲುಗಿನಲ್ಲಿ ಕೇಳಿದರು.

ಮೇಲೆತ್ತಿ, ಬಿಸಿಲಲ್ಲಿಟ್ಟು ಮುಟ್ಟಿದೆ. ಬೆರಳು ಜಿಡ್ಡಾಯಿತು. ಮಾವನ ಮುಖ ನೋಡಿದೆ.

"ಒಣಗ್ದಂಗಿತ್ತು ಕಣಪ್ಪ. ಹೊರ್ಡೋವಾಗ ಒಂದ್ ತೊಟ್ಟು ಬುಟ್ಟೆ."

ಜೇಬಿನ ಕಾಗದದ ವಿಷಯ ಆಗಲೇ ಹೇಳಬೇಕಿತ್ತು. ನಾನು ಬಾಯಿ ಬಿಡಲಿಲ್ಲ. ಮಾವನೇ ಮಾಲೀಕರ ಕಡೆ ತಿರುಗಿ, "ನಂದೇ ತೆಪ್ಪು ಸಾಮಿ. ಕೂಸು ಸರ್ಯಾಗೇ ಆರ್ಸವ್ನೆ" ಅಂದ. ಸೋಮವಾರದಿಂದ ಅವನು ಕೆಲಸಕ್ಕೆ ಬರುವುದು ಬೇಡವಾಯಿತು.

ಮೋಟಾರನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಡಾಕ್ಟರ ಬಳಿ ಒಯ್ದು ಇನ್ನೊಮ್ಮೆ ಮುಳುಗಿಸಿದೆ. ಚೆನ್ನಾಗಿ ತಿರುಗಿತು. ಆರ್ಡರೂ ಬಂತು, ನನಗೆ ಶಹಭಾಸ್‌ಗಿರಿಯೂ ಸಿಕ್ಕಿತು. ಎಣ್ಣೆ ಬಿಟ್ಟವನನ್ನು ಮಾತ್ರ ಮಾಲೀಕರು ಮತ್ತೆ ಕರೆಯಲಿಲ್ಲ. ಮಾವ ತನ್ನ ಊಟದ ಕ್ಯಾರಿಯರ್ರು ಒಯ್ಯಲು ಬಂದ ದಿನ ಅದು ಮೇಜಿನ ಮೇಲೆ ತಿರುಗುತ್ತಿತ್ತು. ಬಗ್ಗಿ, ಕಣ್ಣು ಕಿರಿದು ಮಾಡಿ, ತುಂಬಾ ಹೊತ್ತು ನೋಡಿದ.

"ಎಣ್ಣೆ ಇಲ್ದಂಗಾ?"

"ಹೂಂ ಮಾವ. ಎಣ್ಣೆ ಹಾಕ್ಬಾರ್ದು ಅಂತ ಜತೇಲಿ ಬಂದ ಕಾಗ್ದದಲ್ಲೇ ಬರ್ದಿತ್ತು."

ಅವನು ಕ್ಯಾರಿಯರ್ರು ಎತ್ತಿಕೊಂಡ. ಬೈಯಲಿಲ್ಲ, ಕೂಸೇ ಅಂತಲೂ ಅನ್ನಲಿಲ್ಲ.

"ನಂಗೊಂದ್ ಮಾತು ಹೇಳ್ಬೋದಿತ್ತಲ್ಲಪ್ಪ" ಅಂದು ಹೊಸಿಲು ದಾಟಿ ಹೋದ.